ನಲವತ್ತೊಂಬತ್ತಕ್ಕೂ ಬೇಕಂತೆ ಪೋಷಕರ ಸಹಿ

ಆಫೀಸಿನಲ್ಲಿ ಮೀಟಿಂಗ್ ನಡೆಸುತ್ತಿದ್ದೆ. ಮೊಬೈಲಿಗೆ ಮೆಸೇಜ್ ಬಂತು. 'ಹಾಜರಾತಿ ಕಡಿಮೆ ಇರುವುದರಿಂದ ಶನಿವಾರ ಪೋಷಕರೊಂದಿಗೆ ಬಂದು ವಿಭಾಗದ ಮುಖ್ಯಸ್ಥರನ್ನು ಕಾಣತಕ್ಕದ್ದು. ತಪ್ಪಿದಲ್ಲಿ ಹಾಲ್ ಟಿಕೆಟ್ ಕೊಡಲಾಗುವುದಿಲ್ಲ.'

ಮಗಳ ಕಾಲೇಜಿನದ್ದು ಅಂದುಕೊಂಡೆ. ಅವಳ ಕಾಲೇಜು ಮುಗಿದು, ಅವಳು ಕೆಲಸಕ್ಕೂ ಸೇರಿಯಾಗಿದೆ ಎಂಬುದು ಆಮೇಲೆ ನೆನಪಾಯಿತು. ಮೆಸೇಜ್ ನನ್ನ ಕಾಲೇಜಿನದ್ದು. ಕರೆದುಕೊಂಡು ಹೋಗಬೇಕಾದದ್ದು ನನ್ನ ಪೋಷಕರನ್ನು.

ನನಗೆ ನಲವತ್ತೊಂಬತ್ತು.

ಈ ಅಂಕಣ ಓದುವವರಿಗೆ ಗೊತ್ತು, ಕಳೆದ ವರ್ಷ ನಾನು ಸಂಜೆ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಎಂ.ಎ.ಗೆ ಸೇರಿದ್ದೇನೆ. ('ಪ್ರಮೋಷನ್ ಸಿಗ್ತದಾ?' 'ಇಲ್ಲ.' 'ಮತ್ತೆ ಎಂತಕ್ಕೆ?' ಉತ್ತರ ಕೊಟ್ಟು ಸುಸ್ತಾಗಿ ಈಗ 'ತಲೆ ಸರಿ ಇಲ್ಲ' ಅಂದುಬಿಡುತ್ತೇನೆ. ಕೇಳಿದವರಿಗೂ ಸಮಾಧಾನ.) ಹಗಲು ವಿಮಾ ಕಂಪನಿಯಲ್ಲಿ ಕೆಲಸ. ಕ್ಲೇಮ್ ವಿಭಾಗ ನನ್ನದೇ. ನಾನು ಸಹಿ ಹಾಕದೆ ಒಂದು ಲಾರಿಯ ಬಂಪರಿಗೂ ಪರಿಹಾರ ಸಿಗುವುದಿಲ್ಲ. ಮಾರ್ಚ್ ತಿಂಗಳಿಡೀ ಇಯರ್ ಎಂಡಿಂಗ್ ಗಲಾಟೆ. ಸಂಜೆ ಆರರ ಕ್ಲಾಸಿಗೆ ಹೋಗಲಾಗಲಿಲ್ಲ. ಹಾಗಾಗಿ ಶಾರ್ಟೇಜ್.

ಮುಖ್ಯಸ್ಥರಿಗೆ ಫೋನ್ ಮಾಡಿದೆ. ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವರು, ಬಹಳ ಮರ್ಯಾದಸ್ಥರು.

"ಸರ್, ನನ್ನ ಪೋಷಕಿ ನಾನೇ ಅಲ್ವಾ?"

"ರೂಲ್ ಮೇಡಂ, ಎಲ್ಲರಿಗೂ ಒಂದೇ. ತಂದೆ ತಾಯಿ ಬರ್ಲಿಕ್ಕೆ ಆಗದಿದ್ರೆ ತೊಂದರೆ ಇಲ್ಲ. ಹಸ್ಬೆಂಡ್ ಬಂದ್ರೂ ನಡೀತದೆ."

ಮನೆಯಲ್ಲಿ ಹೇಳಿದರೆ ನನ್ನವರಿಗೆ ಖುಷಿಯೋ ಖುಷಿ. "ಅದಕ್ಕೆಂತ, ಬಂದು ಒಂದು ಸೈನ್ ಹಾಕ್ತೇನೆ. ನಿನ್ನ ಮಾರ್ಕ್ಸ್ ಬಗ್ಗೆಯೂ ವಿಚಾರಿಸ್ತೇನೆ." ಮಗಳ ಶಾಲೆಯ ಮೀಟಿಂಗಿಗೆ ಒಂದು ದಿನವೂ ಬಾರದ ಮನುಷ್ಯ! ಆದರೂ ಒಪ್ಪಿಕೊಂಡೆ. ರೂಲ್ ಅಂದರೆ ರೂಲ್.

ಆಮೇಲೆ ಪ್ರಭಾಕರ ಶೆಟ್ಟರಿಗೆ ಫೋನ್ ಮಾಡಿದೆ. ಶೆಟ್ಟರು ನನ್ನ ಕ್ಲಾಸ್‌ಮೇಟ್. ತೊಕ್ಕೊಟ್ಟಿನಲ್ಲಿ ಹೋಟೆಲ್ ಉಂಟು, ಐವತ್ತು ದಾಟಿದೆ. ಅವರ ಹಾಜರಾತಿ ನನ್ನದಕ್ಕಿಂತ ಕಡಿಮೆ.

"ಶೆಟ್ರೆ, ನೀವು ಶನಿವಾರ ಯಾರನ್ನು ಕರ್ಕೊಂಡು ಬರ್ತೀರಿ? ಹೆಂಡತಿಯನ್ನಾ?"

"ನನ್ನದು ಮುಗೀತಲ್ಲ ಮೇಡಂ! ನಿನ್ನೆಯೇ ಹೋಗಿ ಸೈನ್ ಹಾಕಿ ಬಂದೆ. ಸರ್ ಚಾ ಸಹ ಕೊಟ್ರು."

"ಪೋಷಕರು ಅಂತ ಇರುವಲ್ಲಿ ಎಂತ ಬರೆದ್ರಿ?"

"ಸೆಲ್ಫ್."

ಫೋನ್ ಇಟ್ಟೆ. ಆಮೇಲೆ ನನ್ನವರಿಗೆ ಹೇಳಿದೆ, "ನೀವು ಬೇಡ. ಅಮ್ಮನನ್ನು ಕರ್ಕೊಂಡು ಹೋಗ್ತೇನೆ."

ಅಮ್ಮ ಬೋಳಾರದಲ್ಲಿ ತಮ್ಮನ ಜೊತೆ ಇದ್ದಾಳೆ. ಎಪ್ಪತ್ತು ದಾಟಿ ಬಹಳ ವರ್ಷಗಳಾದವು, ಮೊಣಕಾಲು ನೋವು ಬೇರೆ. ಅಂಥವಳನ್ನು ಎರಡು ಮಹಡಿ ಹತ್ತಿಸಿ ಕರೆತಂದರೆ ಕಾಲೇಜಿನವರಿಗೇ ನಾಚಿಕೆಯಾಗಬೇಕು. ಇದು ನನ್ನ ಲೆಕ್ಕಾಚಾರ. ಅಮ್ಮ ನನ್ನ ಆಯುಧ.

ಶನಿವಾರ ಬೋಳಾರಕ್ಕೆ ಹೋಗಿ ನೋಡಿದರೆ ಆಯುಧ ಮದುವೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಗೇಟಿನ ಹತ್ತಿರ ನಿಂತಿದೆ!

ನಮ್ಮನ್ನು ಕಂಡದ್ದೇ ಮುಖ್ಯಸ್ಥರು ಗಡಬಡಿಸಿ ಎದ್ದರು. "ಅಯ್ಯೋ ಅಮ್ಮ, ನೀವು ಯಾಕೆ ಬರ್ಲಿಕ್ಕೆ ಹೋದ್ರಿ?"

"ಕರೆದದ್ದು ನೀವಲ್ವಾ?" ಅಮ್ಮ ಕುರ್ಚಿ ಎಳೆದು ಕೂತಳು. "ಹೇಳಿ, ಇವಳು ಹೇಗೆ ಕಲೀತಾಳೆ?"

"ಚೆನ್ನಾಗಿ ಕಲೀತಾರೆ. ಆದ್ರೆ ಕ್ಲಾಸಿಗೆ ಬರುದೇ ಕಡಿಮೆ."

ಅಮ್ಮ ನನ್ನ ಕಡೆ ತಿರುಗಿದಳು. "ಎಂತ ಮಾರಾಯ್ತಿ, ನೀನು ಕ್ಲಾಸಿಗೆ ಹೋಗುದಿಲ್ವಾ?"

"ಅಮ್ಮ, ಮಾರ್ಚಲ್ಲಿ ಆಫೀಸಿನ ಕೆಲಸ..."

"ನೆಪ ಹೇಳ್ಬೇಡ. ಸಣ್ಣದಿರುವಾಗಲೂ ಹೀಗೇ ಸರ್. ಹೊಟ್ಟೆನೋವು ಅಂತ ಮಲಗುದು. ಶಾಲೆಯ ಬೆಲ್ ಆದ್ಮೇಲೆ ಎದ್ದು ದೋಸೆ ತಿನ್ನುದು."

ಬಾಗಿಲ ಹೊರಗೆ ನಿಂತಿದ್ದ ನನ್ನ ಕ್ಲಾಸಿನ ಹುಡುಗಿಯರು ಕಿಸಕ್ಕನೆ ನಕ್ಕರು. ಕ್ಲೇಮ್ ತಿರಸ್ಕರಿಸಿ ಗ್ಯಾರೇಜಿನವರನ್ನು ನಡುಗಿಸುವ ನಾನು ಅಲ್ಲಿ ತಲೆ ತಗ್ಗಿಸಿ ನಿಂತಿದ್ದೆ. ಆಯುಧ ಶತ್ರುಪಕ್ಷ ಸೇರಿತ್ತು.

ಮುಖ್ಯಸ್ಥರು ಖುಷಿಯಾಗಿ ಕಾಗದ ಮುಂದಿಟ್ಟರು. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಬರೆದು ಸಹಿ ಮಾಡಿದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ನಯವಾಗಿ ಇನ್ನೊಂದು ಮಾತು ಸೇರಿಸಿದರು. "ಹಸ್ಬೆಂಡಿನ ಸೈನ್ ಕೂಡ ಒಂದು ಇದ್ರೆ ಒಳ್ಳೆದಿತ್ತು. ಮದುವೆಯಾದವರಲ್ವಾ, ಸೇಫ್."

"ಯಾರಿಗೆ ಸೇಫ್?" ಅಮ್ಮ ಕೇಳಿದಳು.

"ಅಲ್ಲ ಅಮ್ಮ, ನಾಳೆ ಮನೆಯಲ್ಲಿ ಎಂತಾದ್ರೂ ಮಾತು ಬಂದ್ರೆ..."

"ಅಳಿಯ ಒಳ್ಳೆಯವನೇ. ಆದ್ರೆ ಇವಳನ್ನು ಹೆತ್ತದ್ದು ಅವನಾ?"

ಹೊರಗಿನ ನಗು ನಿಂತಿತು. ನನಗೂ ಧೈರ್ಯ ಬಂತು. "ಸರ್, ಪ್ರಭಾಕರ ಶೆಟ್ಟರ ಹೆಂಡತಿಯ ಸೈನ್ ಉಂಟಾ?"

"ಅವರದ್ದು ಬೇರೆ ಮೇಡಂ. ಬಿಸಿನೆಸ್‌ನವರು. ಮತ್ತೆ... ಸ್ವಲ್ಪ ಮೆಚ್ಯೂರ್ಡ್."

ಕೇಳಿದಿರಲ್ಲ? ವಿಮಾ ಪಾಲಿಸಿಯ ಭಾಷೆಯಲ್ಲಿ ಹೇಳುವುದಾದರೆ ಶೆಟ್ಟರು ಮೆಚ್ಯೂರ್ ಆಗಿದ್ದಾರೆ, ನಾನು ಇನ್ನೂ ಕಂತು ಕಟ್ಟುತ್ತಿದ್ದೇನೆ. ಈ ಸರ್ ನಮಗೆ ಕಲಿಸುವ ಪೇಪರ್ ಯಾವುದು ಗೊತ್ತೇ? 'ಲಿಂಗ ಮತ್ತು ಸಮಾಜ'. ಹೆಣ್ಣನ್ನು ಜೀವನವಿಡೀ ಯಾರದ್ದಾದರೂ ಅಧೀನದಲ್ಲಿಡುವ ವ್ಯವಸ್ಥೆಯ ಬಗ್ಗೆ ಚಂದದ ನೋಟ್ಸ್ ಕೊಟ್ಟಿದ್ದಾರೆ. ಪರೀಕ್ಷೆಗೆ ಇಂಪಾರ್ಟೆಂಟ್ ಅಂತಲೂ ಹೇಳಿದ್ದಾರೆ.

"ಹಾಗಾದ್ರೆ ನಾನೂ ಸೆಲ್ಫ್ ಅಂತ ಬರೀತೇನೆ ಸರ್" ಎಂದು ಪೆನ್ ತೆಗೆದೆ.

ಅವರು ಪೆಚ್ಚಾಗಿ ಕಾಗದವನ್ನು ನನ್ನ ಕಡೆ ತಳ್ಳಿದರು. "ಬರೀರಿ ಮೇಡಂ. ಆದ್ರೆ ಜಾಗ ಒಂದೇ ಇರುದು. ಅಮ್ಮನದ್ದು ಹೊಡೆದು ಹಾಕ್ಬೇಕಾಗ್ತದೆ."

ಅಮ್ಮನನ್ನು ನೋಡಿದೆ. ಅವಳು ಕನ್ನಡಕ ಇನ್ನೂ ತೆಗೆದಿರಲಿಲ್ಲ. ತನ್ನ ಸಹಿಯನ್ನೇ ನೋಡುತ್ತಿದ್ದಳು. ಸ್ವಲ್ಪ ಓರೆಯಾಯಿತೋ ಎಂಬಂತೆ ತಲೆ ವಾಲಿಸಿ ನೋಡುತ್ತಿದ್ದಳು.

ನಾನು ಪೆನ್ ಮುಚ್ಚಿದೆ. ಗೆಲ್ಲಬೇಕಾದರೆ ಅವಳನ್ನು ಹೊಡೆದು ಹಾಕಬೇಕು, ಬಿಟ್ಟರೆ ನಾನು ಅಪ್ರಾಪ್ತೆ. ಎಷ್ಟು ಚಂದದ ವ್ಯವಸ್ಥೆ ನೋಡಿ!

"ಅಮ್ಮನದ್ದೇ ಇರ್ಲಿ" ಎಂದೆ. "ಹಸ್ಬೆಂಡಿನದ್ದು ಮಾತ್ರ ಬರುದಿಲ್ಲ ಸರ್." ಅವರು ಹಾಲ್ ಟಿಕೆಟ್ ಕೊಟ್ಟರು.

ರಿಕ್ಷಾದಲ್ಲಿ ಬರುವಾಗ ಅಮ್ಮನ ಮೇಲೆ ಸಿಟ್ಟು ತೋರಿಸಿದೆ. "ಆ ದೋಸೆಯ ಕತೆ ಹೇಳ್ಬೇಕಿತ್ತಾ?"

ಅಮ್ಮ ನಕ್ಕಳು. ಆಮೇಲೆ ಹೇಳಿದಳು, "ನಿನ್ನ ಶಾಲೆಗೆ ಯಾವಾಗಲೂ ಅಪ್ಪನೇ ಹೋಗ್ತಿದ್ದದ್ದು. ನಾನೂ ಬರ್ತೇನೆ ಅಂದ್ರೆ, ನಿನಗೆ ಎಂತ ಗೊತ್ತಾಗ್ತದೆ ಅಂತಿದ್ರು. ಮೇಷ್ಟ್ರ ಎದುರು ಕೂತು ನಿನ್ನ ವಿಷಯ ಕೇಳಿದ್ದು ಇದೇ ಮೊದಲು ಮಗಾ."

ನನ್ನ ಸಿಟ್ಟು ಎಲ್ಲಿಗೆ ಹೋಯಿತೋ. ಅವಳ ಮೊಣಕಾಲ ಮೇಲೆ ಕೈಯಿಟ್ಟು ಕೂತೆ.

ಈಗ ಪರೀಕ್ಷೆಗೆ ಓದುತ್ತಿದ್ದೇನೆ. ಸರ್ ಕೊಟ್ಟ ನೋಟ್ಸನ್ನು ಎಷ್ಟು ತಿರುವಿದರೂ ಒಂದಕ್ಕೆ ಮಾತ್ರ ಉತ್ತರ ಸಿಗುತ್ತಿಲ್ಲ: ಗಂಡಸು ಐವತ್ತರಲ್ಲಿ ತನ್ನಷ್ಟಕ್ಕೆ 'ಸೆಲ್ಫ್' ಆಗುತ್ತಾನೆ, ಹೆಂಗಸು ಎಷ್ಟನೆಯ ವಯಸ್ಸಿಗೆ ಸರ್?