ಜೋನಳಿಗೆ ಕೇಳಿದ ಜ್ವರ

ನಮ್ಮ ಮನೆಯ ಬಾಚಣಿಗೆಗೆ ಎರಡು ಹಲ್ಲಿಲ್ಲ. ಅಗಲ ಹಲ್ಲಿನ ಮರದ ಬಾಚಣಿಗೆ ಅದು. ನಾನು ಶಿರ್ವದಿಂದ ದೋಹಾಕ್ಕೆ ಹೊರಟಾಗ ಅಮ್ಮ ಕುಚ್ಚಲಕ್ಕಿಯ ಚೀಲದೊಳಗೆ ತುರುಕಿ ಕೊಟ್ಟದ್ದು. ಒಂದು ಹಲ್ಲು ದಾರಿಯಲ್ಲೇ ಮುರಿಯಿತು, ಇನ್ನೊಂದನ್ನು ನನ್ನ ಮಗಳು ರಿಯಾಳ ತಲೆ ನುಂಗಿತು. ನುಂಗದೆ ಏನು ಮಾಡೀತು ಹೇಳಿ, ಸೊಂಟ ದಾಟಿದ ಕೂದಲು. ಸಾಲದ್ದಕ್ಕೆ ಸಮುದ್ರವನ್ನು ಸೋಸಿ ನಲ್ಲಿಗೆ ಬಿಟ್ಟ ಇಲ್ಲಿನ ನೀರು. ಎಷ್ಟು ತೆಂಗಿನೆಣ್ಣೆ ಸುರಿದರೂ ಬೆಳಗಾಗುವಾಗ ಅದು ತೆಂಗಿನ ನಾರೇ. ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಶಾಲೆಯ ಬಸ್ಸು ಬರುವ ಮೊದಲು ಒಬ್ಬಳು ಕುರ್ಚಿಯಲ್ಲಿ ಕೂತು ಅಳುವುದು, ಇನ್ನೊಬ್ಬಳು ಹಿಂದೆ ನಿಂತು ಸಿಕ್ಕು ಬಿಡಿಸುತ್ತ ಗದರುವುದು, ಇದೇ ನಮ್ಮ ಮನೆಯ ಪ್ರಾತಃಕಾಲದ ಪ್ರಾರ್ಥನೆಯಾಗಿತ್ತು.

ಕತ್ತರಿಸಬಾರದಿತ್ತೇ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದವರೇ. ಆದರೆ ಅದು ಹರಕೆಯ ಕೂದಲು. ಮಗುವಿಗೆ ಮೂರು ವರ್ಷವಾಗಿದ್ದಾಗ ಬಂದ ಜ್ವರವೊಂದು ಯಾವ ಔಷಧಕ್ಕೂ ಜಗ್ಗದೆ, ಡಾಕ್ಟರರು ಮುಖ ಕೊಟ್ಟು ಮಾತಾಡದ ಹಾಗಾದಾಗ, ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ವೆಲಂಕಣಿ ಮಾತೆಗೆ ಮಾತು ಕೊಟ್ಟಿದ್ದೆ: ಇವಳು ಉಳಿದರೆ ತಲೆಗೆ ಕತ್ತರಿ ತಾಗಿಸುವುದಿಲ್ಲ, ಹದಿಮೂರು ತುಂಬಿದ ಮೇಲೆ ನಿನ್ನ ಸನ್ನಿಧಿಗೆ ಬಂದು ಪೂರಾ ಬೋಳಿಸಿ ಒಪ್ಪಿಸುತ್ತೇನೆ. ಹದಿಮೂರೇ ಏಕೆಂದು ಕೇಳಿದರೆ ಗೊತ್ತಿಲ್ಲ. ಆಗ ಅದು ತುಂಬಾ ದೂರದ ಸಂಖ್ಯೆಯಾಗಿ ಕಂಡಿರಬೇಕು. ಜ್ವರ ಬಿಟ್ಟಿತು. ವರ್ಷಗಳು ಓಡಿದವು, ಕೂದಲು ಇಳಿಯಿತು, ಮಗಳಿಗೆ ಹದಿಮೂರು ತುಂಬಿತು. ಡಿಸೆಂಬರಿನ ರಜೆಗೆ ವೆಲಂಕಣಿಯ ಟಿಕೆಟು ಕೂಡಾ ಆಯಿತು.

ಆಗಲೇ ನಮ್ಮ ಮನೆಗೆ ಜೋನ್ ಬಂದಳು. ನವೆಂಬರ್ ಒಂದು ಕನ್ನಡಿಗರಿಗೆ ರಾಜ್ಯೋತ್ಸವ, ನಮಗೆ ಕಥೋಲಿಕರಿಗೆ ಸಕಲ ಸಂತರ ಹಬ್ಬ. ಎರಡೂ ಒಂದೇ ದಿನ ಬೀಳುವುದರಲ್ಲಿ ದೇವರ ಚೇಷ್ಟೆ ಏನಾದರೂ ಇದ್ದೀತು. ಇಲ್ಲಿನ ಕನ್ನಡ ಬಳಗದವರು ಮಕ್ಕಳಿಂದ ವೀರವನಿತೆಯರ ಕಿರುನಾಟಕ ಮಾಡಿಸುತ್ತೇವೆಂದರು. ನಮ್ಮ ಹುಡುಗಿ ಹೆಸರು ಕೊಡುವಷ್ಟರಲ್ಲಿ ಒನಕೆ ಹಿಡಿಯುವವರೇ ನಾಲ್ಕು ಮಂದಿ ಆಗಿದ್ದರು, ಉಳ್ಳಾಲದ ರಾಣಿಯರು ಮೂವರು. ರಿಯಾ ಧರ್ಮೋಪದೇಶದ ತರಗತಿಯಲ್ಲಿ ಕೇಳಿದ್ದ ಸಂತ ಜೋನಳನ್ನು, ಜೋನ್ ಆಫ್ ಆರ್ಕ್ ಎನ್ನುತ್ತಾರಲ್ಲ ಅವಳನ್ನು, ಹಿಡಿದುಕೊಂಡು ಬಂದಳು. ಬಳಗದ ಕಾರ್ಯದರ್ಶಿ ಮೈಸೂರಿನವರು, ಒಳ್ಳೆಯ ಮನುಷ್ಯ, ತಲೆ ಕೆರೆದುಕೊಂಡು, "ಫ್ರಾನ್ಸಿನವರಾದ್ರೂ ಪರವಾಗಿಲ್ಲಮ್ಮ, ಕನ್ನಡದಲ್ಲಿ ಮಾತಾಡ್ಲಿ, ಸಾಕು" ಎಂದರು.

ಅಲ್ಲೇ ಇದ್ದದ್ದು ಕಷ್ಟ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷು, ಕೆಳಗಿನ ಅಂಗಡಿಯಲ್ಲಿ ಮಲಯಾಳ; ಕನ್ನಡ ನಮ್ಮ ರಿಯಾಳಿಗೆ ರಜೆಯಲ್ಲಿ ಊರಿಗೆ ಹೋದಾಗ ಬಸ್ಸಿನಲ್ಲಿ ಕಿವಿಗೆ ಬೀಳುವ ಭಾಷೆ. ಹಾಗಾಗಿ ತಲೆ ಬಾಚುವಷ್ಟು ಹೊತ್ತು ಕನ್ನಡ ಮಾತ್ರ ಎಂದು ಕಾನೂನು ಮಾಡಿದೆ. ದಿನಾ ಒಂದಿಷ್ಟು ಸಿಕ್ಕು, ಒಂದಿಷ್ಟು ಜೋನ್. ಹೇಳುತ್ತ ಹೇಳುತ್ತ ಅವಳ ಬಗ್ಗೆ ನನಗೇ ಹುಚ್ಚು ಹಿಡಿಯಿತು.

ಯೋಚಿಸಿ ನೋಡಿ, ಎಂಥ ಕಾಲ ಅದು! ಎರಡು ರಾಜವಂಶಗಳು ಒಂದು ಕಿರೀಟಕ್ಕಾಗಿ ತಲೆಮಾರುಗಟ್ಟಲೆ ಹೊಡೆದಾಡಿ, ಗದ್ದೆ ಸುಡುವುದು ಯಾರು, ಕಾಯುವುದು ಯಾರು ಎಂಬುದೇ ಬಡವರಿಗೆ ಗೊತ್ತಾಗದ ಕಾಲ. ದಂಡು ಬಂತೆಂದರೆ ಜೋನಳ ಊರಿನವರು ದನಕರುಗಳನ್ನು ಹೊಡೆದುಕೊಂಡು ಹೊಳೆಯ ನಡುಗಡ್ಡೆಯ ಹಳೆಯ ಕೋಟೆಗೆ ಓಡಬೇಕು. ಅಂಥಲ್ಲಿ ಒಬ್ಬ ರೈತನ ಮಗಳು, ಓದು ಬರಹ ಇಲ್ಲ, ನೂಲುವುದರಲ್ಲಿ ಹೊಲಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ಮಾತ್ರ ಉಂಟು. ಹದಿಮೂರರ ಸುಮಾರಿಗೆ, ಬೇಸಿಗೆಯ ಮಧ್ಯಾಹ್ನ, ಅಪ್ಪನ ತೋಟದಲ್ಲಿ ಅವಳಿಗೆ ಸ್ವರ್ಗದ ಸ್ವರ ಕೇಳಿತಂತೆ. ಮಗಳು ಸಿಪಾಯಿಗಳ ಜೊತೆ ಹೊರಟುಹೋದಳೆಂದು ಅಪ್ಪನಿಗೆ ಕನಸು ಬಿದ್ದು, ಹಾಗಾಗುವುದಾದರೆ ನೀವೇ ಅವಳನ್ನು ನೀರಿಗೆ ಮುಳುಗಿಸಿ ಎಂದು ಗಂಡುಮಕ್ಕಳಿಗೆ ಹೇಳಿದನಂತೆ. ಪಾಪ, ಆ ಅಪ್ಪನ ಮೇಲೂ ನನಗೆ ಸಿಟ್ಟು ಬರುವುದಿಲ್ಲ. ಹೆದರಿದ ಹೆತ್ತವರ ಬಾಯಿಯಿಂದ ಏನೇನು ಮಾತು ಬೀಳುತ್ತದೆಂದು ನನಗೆ ಗೊತ್ತು. ಆದರೂ ಹುಡುಗಿ ಹೊರಟಳು. ಕೂದಲು ಕತ್ತರಿಸಿ, ಗಂಡುಡುಗೆ ತೊಟ್ಟು, ಕುದುರೆ ಏರಿ, ಮುತ್ತಿಗೆ ಬಿದ್ದ ಊರನ್ನು ಬಿಡಿಸಿ, ರಾಜನಾಗಲು ಧೈರ್ಯವಿಲ್ಲದವನ ತಲೆಯ ಮೇಲೆ ಕಿರೀಟ ಇಡಿಸಿದಳು. ಕೂದಲು ತೆಗೆಸುವ ಸುದ್ದಿ ಇವಳ ಕಥೆಯಲ್ಲೂ ಉಂಟಲ್ಲ ಎಂದು ನನ್ನ ಕೈ ಒಂದು ಗಳಿಗೆ ನಿಂತದ್ದೂ ಉಂಟು. ಆದರೆ ಅವಳ ತಲೆಗೆ ಕತ್ತರಿ ಹಾಕಿಸಿಕೊಂಡವಳು ಅವಳೇ.

ಆರಂಭದ ಸಾಲು ನಾನೇ ಬರೆದದ್ದು: 'ಹದಿಮೂರನೆಯ ವಯಸ್ಸಿನಲ್ಲಿ ನನಗೆ ಸ್ವರ ಕೇಳಿತು.' ಕಾರ್ಯದರ್ಶಿಗಳು ಧ್ವನಿ ಎಂದಿರಲಿ ಎಂದರು. ಕರಾವಳಿಯ ನಮಗೆ ಮನುಷ್ಯನ ಗಂಟಲಿನಿಂದ ಬರುವುದು ಸ್ವರವೇ ಎಂದು ನಾನು ಹಠ ಹಿಡಿದೆ. ಹಠದ ಫಲ ಬೇಗ ಸಿಕ್ಕಿತು. ಬೆಳಗ್ಗೆ ಕುರ್ಚಿಯಲ್ಲಿ ಕೂತು ರಿಯಾ ಗಂಭೀರವಾಗಿ, "ಹದಿಮೂರನೆಯ ವಯಸ್ಸಿನಲ್ಲಿ ನನಗೆ ಜ್ವರ ಕೇಳಿತು" ಎಂದಳು.

ಅವಳ ಅಪ್ಪ ಚಹಾ ಕುಡಿಯುತ್ತಿದ್ದವರು ಕೆಮ್ಮಿ ಕೆಮ್ಮಿ ನಕ್ಕರು. ನಾನೂ ನಕ್ಕು, "ಜ್ವರ ಬರುತ್ತದೆ ಮಗಾ, ಕೇಳುವುದಿಲ್ಲ. ಕೇಳುವುದು ಸ್ವರ" ಎಂದೆ.

ರಿಯಾ ನಗಲಿಲ್ಲ. "ನನಗೆ ಜ್ವರವೇ ಗೊತ್ತು ಮಮ್ಮಿ. ಸಣ್ಣದಿರುವಾಗಿಂದ ನೀನು ಅದೇ ಸ್ಟೋರಿ ಹೇಳೋದಲ್ವಾ. ಜೋನಳಿಗಾದ್ರೆ ಕೇಳಿತು. ನನ್ನನ್ನು ಯಾರು ಕೇಳಿದ್ರು?" ಎಂದಳು. ಆಮೇಲೆ ಕೊಂಕಣಿಗೆ ಹಾರಿ ಅತ್ತಳು. ಬೋಳುತಲೆಯಲ್ಲಿ ಶಾಲೆಗೆ ಹೋಗಲಾರೆ, ಬಸ್ಸಿನಲ್ಲಿ ಕೂರಲಾರೆ, ನಿನ್ನ ಹರಕೆ ನಿನಗೇ ಇರಲಿ.

ಅಬ್ಬಬ್ಬಾ, ಕನ್ನಡದ ಈ 'ಕೇಳು' ಎಂಬ ಎರಡಕ್ಷರವನ್ನು ನೋಡಿ! ಕಿವಿಯ ಕೆಲಸಕ್ಕೂ ಅದೇ, ಬಾಯಿಯ ಕೆಲಸಕ್ಕೂ ಅದೇ. ಇನ್ನೊಬ್ಬರನ್ನು ಕೇಳದವರಿಗೆ ಏನೂ ಕೇಳುವುದಿಲ್ಲವೆಂದು ನಮ್ಮ ಹಿರಿಯರು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಟ್ಟರೇನೋ. ಆದರೆ ಅಂದು ಇದೆಲ್ಲ ನನಗೆ ಹೊಳೆಯಲಿಲ್ಲ. ನನಗಿದ್ದದ್ದು ಬರೀ ಹೆದರಿಕೆ. ಹರಕೆ ತಪ್ಪಿದರೆ, ಬಿಟ್ಟುಹೋದ ಜ್ವರ ಮತ್ತೆ ದಾರಿ ಹುಡುಕಿಕೊಂಡು ಬಂದರೆ? ನಗಬೇಡಿ. ಮಗುವಿನ ಹಣೆ ಮುಟ್ಟಿ ಕೈ ಸುಟ್ಟುಕೊಂಡ ತಾಯಿಯ ಹತ್ತಿರ ತರ್ಕ ನಡೆಯುವುದಿಲ್ಲ.

ಹೆದರಿಕೆಯನ್ನು ಹೊತ್ತುಕೊಂಡು ಎದುರಿನ ಫ್ಲ್ಯಾಟಿನ ಸುಮತಿಯಕ್ಕನಲ್ಲಿಗೆ ಹೋದೆ. ಕಾಪುವಿನ ಕಡೆಯವರು, ಮನೆಯಲ್ಲಿ ತುಳು, ಹೊಲಿಗೆಯಲ್ಲಿ ಎತ್ತಿದ ಕೈ. ರೊಟ್ಟಿ ಸುತ್ತುವ ಫಾಯಿಲನ್ನು ರಟ್ಟಿಗೆ ಅಂಟಿಸಿ ಜೋನಳ ಕವಚ ತಯಾರಿಸುತ್ತಿದ್ದರು. ಊರಿನಲ್ಲಿ ಕ್ರಿಸ್ತುವರ ಹೆಂಗಸರನ್ನು ಕರೆಯುವ ಹಾಗೆ ಅವರು ನನ್ನನ್ನು ಬಾಯಿ ಎಂದೇ ಕರೆಯುವುದು.

"ಹರಕೆ ತಪ್ಪಿಸ್ಲಿಕ್ಕಿಲ್ಲ, ಅದು ಹೌದು," ಎಂದರು ಸುಮತಿಯಕ್ಕ, ಫಾಯಿಲಿನ ಸುಕ್ಕು ತಿಕ್ಕುತ್ತ. "ಆದ್ರೆ ಹರಕೆ ಹೇಳಿದ್ದು ಯಾರ ಬಾಯಿ, ಬಾಯೀ? ಹೇಳಿದವರು ತೀರಿಸುವುದಪ್ಪ. ಹೇಳುವಾಗ ಒಂದು ಬಾಯಿ, ಕೊಡುವಾಗ ಇನ್ನೊಂದು ತಲೆಯಾ? ಅದೆಂತ ಲೆಕ್ಕ ಮಾರಾಯ್ರೆ?"

ನಿಮಗೆಲ್ಲ ನಮ್ಮ ಸಂಗತಿ ಗೊತ್ತಾಗುವುದಿಲ್ಲ ಎಂದು ಮುನಿಸಿಕೊಂಡು ಎದ್ದು ಬಂದೆ. ಮಾತು ಮಾತ್ರ ಬಾಗಿಲು ದಾಟಿ ನನ್ನ ಹಿಂದೆಯೇ ಬಂತು.

ನಾಟಕದ ದಿನ ಬಂತು. ಅಲ್ ಹಿಲಾಲ್ ಕಡೆಯ ಒಂದು ಸಭಾಂಗಣ, ಹೊರಗೆ ಕಾರು ನಿಲ್ಲಿಸಲು ಜಗಳ, ಒಳಗೆ ಕೇಸರಿಬಾತಿನ ಪರಿಮಳ. ನಾಲ್ಕೂ ಒನಕೆಗಳ ಅಬ್ಬರ ಮುಗಿದ ಮೇಲೆ ನನ್ನ ಮಗಳು ಬಂದಳು. ಸ್ವರ ಸ್ವರವಾಗಿಯೇ ಹೊರಟಿತು, ಬದುಕಿಕೊಂಡೆ. ವಿಚಾರಣೆಯ ದೃಶ್ಯದಲ್ಲಿ ನ್ಯಾಯಾಧೀಶನ ವೇಷದ ಹುಡುಗ ಮೇಜು ಗುದ್ದಿ, "ಹೆಣ್ಣಾಗಿ ಕೂದಲು ಕತ್ತರಿಸಿದೆ! ಯಾರು ಹೇಳಿದರು?" ಎಂದು ಗುಡುಗಿದ. ಗುದ್ದಿದ ರಭಸಕ್ಕೆ ರಿಯಾ ಬೆಚ್ಚಿದಳು. ಫಾಯಿಲಿನ ಶಿರಸ್ತ್ರಾಣ ಕಳಚಿ ಬಿತ್ತು. ಅದರೊಳಗೆ ನಾನು ಸುತ್ತಿ ಸುತ್ತಿ ತುರುಕಿದ್ದ ಜಡೆ ಬಿಚ್ಚಿಕೊಂಡು ಸೊಂಟದ ಕೆಳಗಿನವರೆಗೆ ಇಳಿಯಿತು.

ಸಭೆಗೆ ಸಭೆಯೇ ಗೊಳ್ಳೆಂದಿತು. ರಿಯಾಳ ಮುಖ ಕೆಂಪಾಯಿತು, ಮುಂದಿನ ಸಾಲು ಬರಲಿಲ್ಲ. ಅವಳು ನನ್ನನ್ನೇ ನೋಡಿದಳು.

ಆ ಗಳಿಗೆಯಲ್ಲಿ ನನಗೆ ನೆನಪಾದದ್ದು ಜೋನ್ ಅಲ್ಲ, ಅವಳ ತಾಯಿ. ಇಷ್ಟೂ ದಿನ ಮಗಳ ಕಥೆ ಹೇಳಿದವಳು ನಾನು ತಾಯಿಯ ಕಥೆಯನ್ನು ಬಾಲದಲ್ಲಿ ಸೇರಿಸಿ ಓಡಿಸಿಬಿಟ್ಟಿದ್ದೆ. ಶತ್ರುಗಳ ಕೈಗೆ ಸಿಕ್ಕಿದವಳ ವಿಚಾರಣೆ ನಡೆಸಿ, ಧರ್ಮಪಂಡಿತರೆಲ್ಲ ಸೇರಿ ಗಂಡುಡುಗೆಯನ್ನೂ ಅಪರಾಧ ಮಾಡಿ ಹತ್ತೊಂಬತ್ತರ ಹುಡುಗಿಯನ್ನು ಸುಟ್ಟರು. ಕಾಲು ಶತಮಾನ ಕಳೆದ ಮೇಲೆ ಮುದುಕಿಯಾದ ಆ ತಾಯಿ ದೊಡ್ಡ ಇಗರ್ಜಿಯಲ್ಲಿ, ಬಿಷಪರಂಥ ದೊಡ್ಡವರ ಮುಂದೆ ಎದ್ದು ನಿಂತು, ನನ್ನ ಮಗಳಿಗೆ ಅನ್ಯಾಯವಾಗಿದೆ ಎಂದಳು. ಮಗಳಿಗೆ ಜಪ ಕಲಿಸಿದ ಬಾಯಿ ಅದು. ತೀರ್ಪು ರದ್ದಾಯಿತು, ಮಗಳು ಮಾತ್ರ ಇರಲಿಲ್ಲ. ನನ್ನ ಮಗಳು ಇಲ್ಲೇ, ನಾಲ್ಕು ಸಾಲು ಮುಂದೆ, ಫಾಯಿಲು ಸುತ್ತಿಕೊಂಡು ನಿಂತಿದ್ದಾಳೆ. ನಾನು ಏಳಲಿಕ್ಕೆ ಯಾರನ್ನು ಕಾಯುತ್ತಿದ್ದೇನೆ?

ಎದ್ದೆ. "ಅವಳನ್ನು ಕೇಳ್ಬೇಡಿ, ನನ್ನನ್ನು ಕೇಳಿ!" ಎಂದೆ. ಸ್ವರ ನನ್ನದೇ ಎಂದು ನಂಬಿಕೆಯಾಗಲಿಲ್ಲ. "ಹರಕೆ ನಾನು ಹೇಳಿದ್ದು. ತಲೆಯೂ ನಾನೇ ಕೊಡ್ತೇನೆ. ಅವಳ ಕೂದಲು ಅವಳದ್ದು. ಖಲಾಸ್!"

ನನ್ನ ಗಂಡ ಸೀರೆ ಹಿಡಿದು ಎಳೆದರು. ಸುಮತಿಯಕ್ಕ ಚಪ್ಪಾಳೆ ತಟ್ಟಿದರು; ನಾಟಕದ ಭಾಗವೆಂದುಕೊಂಡು ಸಭೆಯೆಲ್ಲ ತಟ್ಟಿತು. ವೇದಿಕೆಯ ಮೇಲೆ ರಿಯಾ ಮೂಗೊರೆಸಿಕೊಂಡು ನ್ಯಾಯಾಧೀಶನ ಕಡೆ ತಿರುಗಿದಳು. "ಕೇಳಿತಲ್ವಾ?" ಎಂದಳು. ಆ ಸಾಲು ನಾನು ಬರೆದದ್ದಲ್ಲ. ಕಾರ್ಯದರ್ಶಿಗಳು ಆಮೇಲೆ ನನ್ನ ಕೈ ಕುಲುಕಿ, ತಾಯಿಯ ಪಾತ್ರ ಸೇರಿಸಿದ್ದು ಬಹಳ ಚೆನ್ನಾಗಿತ್ತು ಎಂದರು.

ಡಿಸೆಂಬರಿನಲ್ಲಿ ವೆಲಂಕಣಿಗೆ ಹೋದೆವು. ಕ್ಷೌರಿಕ ಅಭ್ಯಾಸಬಲದಿಂದ ಹುಡುಗಿಯನ್ನು ಕರೆದ. ನಾನು ಮುಂದೆ ಹೋಗಿ ಕೂತೆ. ಕತ್ತಿ ನೆತ್ತಿಗೆ ತಾಗಿದಾಗ ಅಳು ಬಂತು, ಸುಳ್ಳು ಯಾಕೆ ಹೇಳಲಿ. ರಿಯಾ ನನ್ನ ಕೈ ಹಿಡಿದುಕೊಂಡಿದ್ದಳು. ದೋಹಾಕ್ಕೆ ಮರಳಿ ತಲೆಗೆ ಶಾಲು ಸುತ್ತಿ ಆಫೀಸಿಗೆ ಹೋದರೆ, ಶಾಲು ಸುತ್ತಿದವರೇ ತುಂಬಿದ ಊರಿನಲ್ಲಿ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ರಿಯಾ ಭುಜದವರೆಗೆ ಕತ್ತರಿಸಿಕೊಂಡಳು. ಜ್ವರ ಬರಲಿಲ್ಲ, ನೆಗಡಿ ಬಂತು, ಅದೂ ನನಗೆ.

ಬಾಚಣಿಗೆ ಈಗಲೂ ಕನ್ನಡಿಯ ಮುಂದೆಯೇ ಇದೆ. ನನ್ನ ತಲೆಯ ಮೇಲೆ ಬ್ರಷ್ಷಿನಷ್ಟು ಕೂದಲು ಮೂಡಿದೆ. ಬಸ್ಸು ಬರುವ ಮೊದಲು ಒಂದು ಗಳಿಗೆ ರಿಯಾ ನನ್ನನ್ನು ಕುರ್ಚಿಯಲ್ಲಿ ಕೂರಿಸುತ್ತಾಳೆ, ಎರಡು ಹಲ್ಲಿಲ್ಲದ ಆ ಬಾಚಣಿಗೆಯನ್ನು ನನ್ನ ನೆತ್ತಿಯಿಂದ ಕತ್ತಿನವರೆಗೆ ಮೆಲ್ಲಗೆ ಎಳೆಯುತ್ತಾಳೆ. "ನೋವಾಗ್ತದಾ ಮಮ್ಮಿ?" ಎಂದು ಕೇಳುತ್ತಾಳೆ, ನನ್ನ ಉತ್ತರಕ್ಕೆ ಕಾಯುತ್ತಾಳೆ. ಇಲ್ಲ ಎಂದ ಮೇಲೆಯೇ ಇನ್ನೊಮ್ಮೆ ಎಳೆಯುವುದು.