ಮೇಲಿಂದ ನೋಡಿದ ಮ್ಯಾನೇಜರು

ಸಿದ್ದಾಪುರದ ಬಳಿ ನಾನು ಲೆಕ್ಕ ಬರೆಯುವ ರೈಟರಾಗಿದ್ದ ಕಾಫಿ ಎಸ್ಟೇಟಿನ ಮ್ಯಾನೇಜರು ತೋಟಕ್ಕೆ ಇಳಿಯುತ್ತಿರಲಿಲ್ಲ. ಆಫೀಸಿನ ಹಳೇ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟವೇ ಅವರ ನಿಜವಾದ ಉದ್ಯೋಗ. “ಮೇಲಿಂದ ನೋಡಿದ್ರೇ ತೋಟ ಅರ್ಥ ಆಗೋದು” ಎನ್ನುತ್ತಿದ್ದರು. ಆ ಪರದೆಯಲ್ಲಿ ಮೇಲಿಂದ ಕೊಡಗು ಒಂದು ಮರವೂ ಇಲ್ಲದೆ ಪಾಚಿ ಕಟ್ಟಿದ ಅಂಗಳದಂತೆ ಕಾಣುತ್ತಿತ್ತು.

ಚಿತ್ರ ಚೆನ್ನಾಗಿ ಮೂಡಲೆಂದು ಅಮ್ಮತ್ತಿಯಿಂದ ಅಗ್ಗದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತರಿಸಿದರು. ಅದು ಕಂಪ್ಯೂಟರಿನೊಳಗೆ ಹಿಡಿಸಲಿಲ್ಲ. ನೆರಳಿನ ಮರಗಳ ಕೊಂಬೆ ಸವರುವ ಕಪಾತಿನ ಗರಗಸದಲ್ಲಿ ಡಬ್ಬವನ್ನೇ ಕೊಯ್ದು ಕೂರಿಸಿದರು. ಪರದೆಯ ತುಂಬ ಮರಗಳು ಎದ್ದು ನಿಂತವು. ನಮ್ಮ ತೋಟದ ಮೇಲೊಂದು ಸುತ್ತು ಹಾರಿದ ಮ್ಯಾನೇಜರು ಹುಬ್ಬು ಗಂಟಿಕ್ಕಿದರು.

“ಏನ್ರೀ ರೈಟ್ರೇ, ಇಷ್ಟೊಂದು ನೆರಳಾ? ನಾಳೆಯಿಂದ ಕೊಂಬೆ ಕಡಿಸಿ.”

“ಸಾರ್, ಅದು ಕಂಪ್ಯೂಟರಿನ ಮರ. ನಮ್ದು ಆಗ್ಲೇ ಕಪಾತಾಗಿದೆ.”

“ಮೇಲಿಂದ ನೋಡಿದ್ದು ನೀವಾ, ನಾನಾ?”

ಕಡಿಸಿದೆವು. ಬೇಸಿಗೆಯಲ್ಲಿ ಕಾಫಿ ಗಿಡಗಳು ಬಿಸಿಲಿಗೆ ಸುಟ್ಟುಹೋದವು. ಕಂಪ್ಯೂಟರಿನಲ್ಲಿ ಮಾತ್ರ ತೋಟ ತಂಪಾಗಿತ್ತು.