ಕಿಟಕಿಯಿಂದ ಹಾಕಿದ ಕಾದಂಬರಿ

ರಾಯಚೂರಿನಿಂದ ಮಾನ್ವಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಎಲ್ಲರೂ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದರೆ, ಇಂಗ್ಲಿಷ್ ಲೆಕ್ಚರರ್ ಉರುಕುಂದಪ್ಪನವರು ಕಾದಂಬರಿ ಹಾಕಿ ಹಿಡಿಯುತ್ತಾರೆ. ಆಫ್ರಿಕಾದ ಲೇಖಕನೊಬ್ಬನದು, ಎಂಬತ್ತೆರಡರಲ್ಲಿ ಹೈದರಾಬಾದಿನ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು. ವರ್ಷಗಟ್ಟಲೆ ಸೀಟು ಹಿಡಿದು ಹಿಡಿದು ಅದರ ರಟ್ಟು ಬಸ್ಸಿನ ಬಣ್ಣಕ್ಕೇ ತಿರುಗಿದೆ. ಪಕ್ಕದಲ್ಲಿ ಮೆಣಸಿನಕಾಯಿ ದಲಾಲನೇ ಕೂರಲಿ, ಮದುವೆಗೆ ಹೊರಟ ಮುದುಕನೇ ಕೂರಲಿ, ಕಲ್ಲೂರು ದಾಟುವುದರೊಳಗೆ ಆಧುನಿಕೋತ್ತರ ಸಾಹಿತ್ಯ ಶುರುವಾಗುತ್ತದೆ. "ಬರದಾಂವ ಮುಖ್ಯ ಅಲ್ರಿ, ಓದಾಂವ ಮುಖ್ಯ. ಬಿಳಿ ಮಂದಿ ಹೇಳಿದ ಆಫ್ರಿಕಾ ಮಂದಿ ಕಥಿನ ಈ ಮನಷಾ ಒಡದು, ತಿರಗಾಮುರಗಾ ಮಾಡಿ ಹೇಳ್ಯಾನ. ಇಂಥಾ ಕಥಿಗೆ ಕಡಿ ಅಂಬೋದೇ ಇಲ್ಲ." ದಿನಾ ಓಡಾಡುವವರು ಈಗ ಆ ಪುಸ್ತಕ ಕಂಡರೆ ಪಕ್ಕದ ಸೀಟು ಬಿಟ್ಟು ಮಾನ್ವಿತನಕ ನಿಂತೇ ಹೋಗುತ್ತಾರೆ, ಇವರು ಅದನ್ನು ಸಾಹಿತ್ಯಕ್ಕೆ ಕೊಟ್ಟ ಮರ್ಯಾದೆ ಎಂದುಕೊಂಡಿದ್ದಾರೆ. ಮೊನ್ನೆ ಬಳೆ ಮಾರುವ ಮುದುಕಿ ಕುಬ್ರಾ ಬೇಗಂ, ಗೊತ್ತಿಲ್ಲದೆ, ಆ ಸೀಟಿನಲ್ಲಿ ಕೂತರು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲವನ್ನೂ ಕೇಳಿ, "ಕಡೀಕ ಏನಾತ್ರಿ ಸಾಹೇಬ್ರ?" ಎಂದರು. ಇಂಥ ಕಥೆಗೆ ಕಡೆಯೇ ಇಲ್ಲ ಎಂದು ಉರುಕುಂದಪ್ಪನವರು ಈ ಸಲ ಗುಡುಗಲಿಲ್ಲ. ದಿನಾ ಇದೇ ಬಸ್ಸಿಗೆ ಬರುವ ನಾನು ಹಿಂದಿನ ಸೀಟಿನಿಂದ ಎಷ್ಟೋ ಸಲ ನೋಡಿದ್ದೇನೆ: ಗುರುತಿಗೆಂದು ಸಿಕ್ಕಿಸಿದ ಹಳದಿಯಾದ ಬಸ್ ಟಿಕೆಟ್ಟು ಕೊನೆಯ ಅಧ್ಯಾಯದ ಬಾಗಿಲಲ್ಲೇ ನಿಂತಿದೆ, ಒಂದು ಹಾಳೆಯೂ ಮುಂದೆ ಹೋಗಿಲ್ಲ. "ಅದನ್ನ ಇನ್ನಾ ಓದಿಲ್ಲಮ್ಮಾ," ಎಂದರು ಅವರು, ರಟ್ಟನ್ನು ಅಂಗೈಯಿಂದ ಸವರುತ್ತ. "ಓದಿ ಮುಗಿಸಿಬಿಟ್ರ ನಾಳಿ ನನ್ನ ಜೋಡಿ ಯಾರು ಬರ್ತಾರ?"